ಅಳತೆ ನಡೆಯುತ್ತಿದೆ

"ಏನ್ರೀ ಅದು? ಕೈ ತೆಗೀರಿ ಅಲ್ಲಿಂದ!"

ಇಂದುಮತಿಯ ದನಿಗೆ ಆ ಮನುಷ್ಯ ಬೆಚ್ಚಿಬಿದ್ದ. ಅವನ ಬಲಗೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಎಡಗೈ ಪ್ಲೈವುಡ್ ಗೋಡೆಯ ಮೇಲಿದ್ದ ಬಿಳಿ ಡಬ್ಬಿಯನ್ನು ಹಿಡಿದಿತ್ತು. ಹೊರಗೆ ನಡುಮನೆಯಲ್ಲಿ ತಮ್ಮನ ಹೆಣವನ್ನು ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದ್ದಾರೆ, ಪುರೋಹಿತರು ದರ್ಭೆಯ ಕಟ್ಟು ಬಿಚ್ಚುತ್ತಿದ್ದಾರೆ, ಇಲ್ಲಿ ಯಾವನೋ ಒಬ್ಬ ಸತ್ತವನ ಕೋಣೆಗೆ ನುಗ್ಗಿ ಗೋಡೆ ಬಿಚ್ಚುತ್ತಿದ್ದಾನೆ! ಸಾವಿನ ಮನೆಗೆ ಹಾರ ತರುವವರನ್ನು ಇಂದುಮತಿ ಬೇಕಾದಷ್ಟು ಕಂಡಿದ್ದಳು. ಸ್ಕ್ರೂಡ್ರೈವರ್ ತಂದವನನ್ನು ಕಂಡದ್ದು ಇದೇ ಮೊದಲು.

"ಸಾರಿ ಮೇಡಂ. ನಾನು ವಿಜಯಕುಮಾರ್. ಸಾರ್ ಜೊತೆ ಆಫೀಸಲ್ಲಿ ಕೆಲಸ ಮಾಡೋನು."

"ಜೊತೆ ಕೆಲಸ ಮಾಡೋರು ಬಂದು ಕೈ ಮುಗೀಬೇಕು. ಕಳಚ್ಕೊಂಡು ಹೋಗೋಕೆ ಬಂದ್ರಾ?"

"ಅಯ್ಯೋ, ಹಂಗಲ್ಲ ಮೇಡಂ. ಇದು ಇನ್ನೂ ಆನ್ ಇದೆ. ನಿನ್ನೆಯಿಂದ ಓಡ್ತಾನೇ ಇದೆ. ಸಾರ್ ಮೇಲೇನೇ ಟೆಸ್ಟ್ ಮಾಡ್ತಿದ್ವಿ. ನಾನು ಆಫೀಸಲ್ಲಿ ಕೂತು ಫೋನಲ್ಲಿ ನೋಡ್ತಾ ಇದ್ದೆ." ಅವನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ. "ಸಂಜೆ ಏಳರವರೆಗೂ ಸಾರ್ ಚೆನ್ನಾಗಿ ಉಸಿರಾಡ್ತಿದ್ರು ಮೇಡಂ."

ಇಂದುಮತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಎಷ್ಟರವರೆಗೆ ಅಂದ್ರಿ?"

"ಏಳು. ಆಮೇಲೆ ಗೆರೆ ನಿಂತ್ಹೋಯ್ತು. ಕಾಲ್ ಮಾಡ್ದೆ, ಸಾರ್ ಎತ್ತಲಿಲ್ಲ."

ನಿನ್ನೆ ತಮ್ಮನ ಹೆಂಡತಿ ಕಾತ್ಯಾಯಿನಿ ಫೋನಿನಲ್ಲಿ ಹೇಳಿದ್ದು ಇದಲ್ಲ. ಏಳು ಗಂಟೆಗೆ ದೀಪ ಹಚ್ಚುವ ಹೊತ್ತಾಯಿತೆಂದು ಬಾಗಿಲು ತೆಗೆದಾಗ ಮೈ ತಣ್ಣಗಾಗಿತ್ತಂತೆ. ಪಕ್ಕದ ರಸ್ತೆಯ ಡಾಕ್ಟರು ಬಂದು ಮುಟ್ಟಿ ನೋಡಿ, ಹೋಗಿ ಬಹಳ ಹೊತ್ತಾಗಿದೆ, ಮಧ್ಯಾಹ್ನ ಮಲಗಿದ್ದಲ್ಲೇ ಹೃದಯ ನಿಂತಿದೆ ಅಂದರಂತೆ. ಏಳರವರೆಗೆ ಉಸಿರಾಡುತ್ತಿದ್ದವನ ಮೈ ಏಳಕ್ಕೇ ತಣ್ಣಗಾಗುವುದು ಯಾವ ಸೀಮೆಯ ಲೆಕ್ಕ? ಒಂದು ಕಡೆ ತಮ್ಮ ಅನಂತಪದ್ಮನಾಭ ಕೈಯಾರೆ ಮಾಡಿದ ಯಂತ್ರ, ಇನ್ನೊಂದು ಕಡೆ ಅವನ ಹೆಂಡತಿಯ ಮಾತು. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ತೀರ್ಮಾನಿಸಲು ಇಂದುಮತಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ಮಧ್ಯಾಹ್ನವೆಲ್ಲ ಅವನು ಬದುಕಿದ್ದ. ಯಾರಾದರೂ ಬಾಗಿಲು ತೆಗೆದು ನೋಡಿದ್ದರೆ ಇವತ್ತೂ ಬದುಕಿರುತ್ತಿದ್ದ.

"ಡಬ್ಬಿ ಅಲ್ಲೇ ಇರ್ಲಿ," ಎಂದಳು. "ಆನ್ ಆಗೇ ಇರ್ಲಿ. ಆ ಫೋನು ಜೋಪಾನ. ಸ್ಮಶಾನದಿಂದ ಎಲ್ಲರೂ ಬರ್ಲಿ, ಎಲ್ಲರ ಮುಂದೆ ತೆಗೆದು ತೋರಿಸ್ಬೇಕು ನೀವು."

*

ಅನಂತಪದ್ಮನಾಭನ ಬದುಕಿನಲ್ಲಿ ಊರಿಗೆ ಹೇಳಿಕೊಳ್ಳುವಂಥದ್ದೇನೂ ನಡೆದಿರಲಿಲ್ಲ. ಜೆ.ಪಿ. ನಗರದ ಒಂದು ಸಣ್ಣ ಕಂಪನಿ, ಅಲ್ಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಬಾಡಿಗೆಯ ಮಾಳಿಗೆ ಮನೆ, ಹೆಂಡತಿ, ಮಗಳು ವಿಭಾ. ಕೆಲಸಕ್ಕೆ ಸೇರಿದಾಗಿನಿಂದ ಅವನು ಮಾಡಿದ್ದು ಒಂದೇ, ಚಪ್ಪಟೆ ಆಂಟೆನಾ. ಆಂಟೆನಾ ಎಂದರೆ ತಾರಸಿಯ ಮೇಲೆ ಕಾಗೆ ಕೂರುವ ಕಂಬಿ ಎಂದುಕೊಂಡಿದ್ದ ಅಕ್ಕನಿಗೆ ಅವನು ತಂದು ತೋರಿಸಿದ್ದು ಅಂಗೈಯಗಲದ ಹಸಿರು ಹಲಗೆಯನ್ನು. ಅದರ ಮೇಲೆ ತಾಮ್ರದ ಪುಟ್ಟ ಪುಟ್ಟ ಚೌಕಗಳು, ತಟ್ಟೆಯಲ್ಲಿ ಕೊಯ್ದಿಟ್ಟ ಕೊಬ್ಬರಿ ಮಿಠಾಯಿಯ ಹಾಗೆ.

"ಇಷ್ಟೇನೇನೋ?" ಎಂದಿದ್ದಳು ಇಂದುಮತಿ.

"ಇಷ್ಟೇ ಅಕ್ಕ. ಇದರಿಂದ ರೇಡಾರ್ ಅಲೆ ಹೊರಡುತ್ತೆ. ಎದುರಿಗೆ ಇರೋದಕ್ಕೆ ತಾಗಿ ವಾಪಸ್ ಬರುತ್ತೆ. ಕಾರು ಹಿಂದಕ್ಕೆ ತಗೊಳ್ಳುವಾಗ ಗೋಡೆ ಎಷ್ಟು ಹತ್ರ ಇದೆ ಅಂತ ಕೀ ಕೀ ಅನ್ನುತ್ತಲ್ಲ, ಅಂಥದಕ್ಕೆ."

ಬೇರೆಯವರು ಇಂಥದ್ದಕ್ಕೆ ಹೊರದೇಶದ ದುಬಾರಿ ಹಲಗೆ ತರಿಸುತ್ತಾರೆ. ಅನಂತ ಮಾತ್ರ ಟಿವಿ ರಿಮೋಟಿನೊಳಗೆ ಇರುವ ಮಾಮೂಲಿ ಹಸಿರು ಹಲಗೆಯಲ್ಲೇ ಮಾಡಿ ತೋರಿಸುತ್ತೇನೆಂದು ಹಟ ಹಿಡಿದವನು. ಆ ಹಲಗೆಗೋ ಒಂದೊಂದು ಸಲ ಒಂದೊಂದು ಬುದ್ಧಿ. ಒಂದು ಸಲ ತರಿಸಿದ ಹಲಗೆ ಒಂದು ಥರ, ಮುಂದಿನದು ಇನ್ನೊಂದು ಥರ. ಅವನು ಬ್ಲೇಡಿನಲ್ಲಿ ತಾಮ್ರವನ್ನು ಕೂದಲೆಳೆಯಷ್ಟು ಕೆರೆಯುವುದು, ಅಳೆಯುವುದು, ಮತ್ತೆ ಕೆರೆಯುವುದು. "ಅಗ್ಗದ್ದು ಅನ್ನಬೇಡ ಅಕ್ಕ, ಎಲ್ಲರ ಕೈಗೆ ಎಟಕೋದು ಅನ್ನು," ಎನ್ನುತ್ತಿದ್ದ. ಹಾಗೆ ಹೇಳುವಾಗ ಅವನ ಮುಖ ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗನದಾಗುತ್ತಿತ್ತು. ಇಂದುಮತಿಗೆ ಅದರ ತಲೆಬುಡ ತಿಳಿಯದಿದ್ದರೂ, ಬಸವನಗುಡಿಯ ತನ್ನ ಓಣಿಯಲ್ಲೆಲ್ಲ "ನನ್ನ ತಮ್ಮ ರೇಡಾರ್ ಮಾಡ್ತಾನೆ" ಎಂದು ಹೇಳಿಕೊಂಡು ತಿರುಗಿದ್ದಳು.

ಅವನ ಕೊನೆಯ ಕೆಲಸ ಈ ಬಿಳಿ ಡಬ್ಬಿ. ಒಂಟಿಯಾಗಿ ಮಲಗುವ ಮುದುಕರ ಕೋಣೆಯ ಗೋಡೆಗೆ ಹಾಕುವುದು.

"ಕ್ಯಾಮರಾ ಇಟ್ರೆ ಮುದುಕರ ಮಾನ ಹೋಗುತ್ತೆ. ಇದಕ್ಕೆ ಮುಖ ಕಾಣಲ್ಲ, ಮೈ ಕಾಣಲ್ಲ. ಎದೆ ಏಳೋದು, ಇಳಿಯೋದು ಅಷ್ಟೇ ಗೊತ್ತಾಗೋದು. ಉಸಿರು ನಿಂತ್ರೆ ಮಕ್ಕಳ ಫೋನಲ್ಲಿ ಗೊತ್ತಾಗುತ್ತೆ."

"ನಂಗೂ ಒಂದು ಹಾಕ್ಕೊಡೋ."

"ಕೈ ಕೂತ್ಕೊಳ್ಲಿ, ಮೊದಲನೇದು ನಿಂಗೇ."

ಅಳೆಯುವುದಕ್ಕೆ ಅಲುಗಾಟವಿಲ್ಲದ ಜಾಗ ಬೇಕು. ದೊಡ್ಡ ಕಂಪನಿಗಳಲ್ಲಿ ಅದಕ್ಕೆ ಬೇರೆಯೇ ಕೊಠಡಿ ಕಟ್ಟುತ್ತಾರಂತೆ. ಇವನು ಬಾಡಿಗೆ ಮನೆಯ ನಡುಮನೆಗೆ ಅಡ್ಡಲಾಗಿ ಪ್ಲೈವುಡ್ ನಿಲ್ಲಿಸಿ ಒಂದು ಕೋಣೆ ಮಾಡಿಕೊಂಡ. ಒಳಗೆ ಮಂಚ, ಮೇಜು, ಗೋಡೆಯಲ್ಲಿ ಡಬ್ಬಿ. ಊಟವಾದ ಮೇಲೆ ತಾನೇ ರೋಗಿಯ ಹಾಗೆ ಮಂಚದ ಮೇಲೆ ಮಲಗಿ ತನ್ನ ಉಸಿರನ್ನು ಅಳೆಸಿಕೊಳ್ಳುವುದು. ಆಗ ಬಾಗಿಲ ಹಿಡಿಗೆ ಒಂದು ಕೆಂಪು ಟವೆಲ್ ಸಿಕ್ಕಿಸಿರುತ್ತಿದ್ದ. ಟವೆಲ್ ಇದ್ದರೆ ಬಾಗಿಲು ತೆಗೆಯಕೂಡದು, ದಡದಡ ಓಡಾಡಕೂಡದು. ಹಲಗೆ ಅದುರಿದರೆ ಅಳತೆ ಕೆಡುತ್ತದೆ.

ಆ ಟವೆಲ್ಲಿನ ಮೇಲೆ ಇಂದುಮತಿಗೆ ಹಳೆಯ ಸಿಟ್ಟಿತ್ತು. ಯುಗಾದಿಯ ಮಾರನೆಯ ದಿನ ತಮ್ಮನಿಗೆಂದು ಒಬ್ಬಟ್ಟು ಕಟ್ಟಿಕೊಂಡು ಬಿಸಿಲಲ್ಲಿ ಆಟೋ ಹಿಡಿದು ಬಂದರೆ, ಕಾತ್ಯಾಯಿನಿ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಳು. "ಅಳತೆ ನಡೀತಿದೆ ಅತ್ತಿಗೆ." ಸ್ವಂತ ತಮ್ಮನ ಮನೆಯಲ್ಲಿ ಪಿಸುಮಾತು! ಅರ್ಧ ಗಂಟೆ ಕುರ್ಚಿಯ ತುದಿಯಲ್ಲಿ ಕೂತು, ಒಬ್ಬಟ್ಟಿನ ಡಬ್ಬಿಯನ್ನು ಅಲ್ಲೇ ಕುಕ್ಕಿ ಹೊರಟಿದ್ದಳು. ಅವತ್ತಿನಿಂದ ಅವಳ ತಲೆಯೊಳಗೆ ಹುಳ ಹೊಕ್ಕಿತು. ಟವೆಲ್ ಅವನದಲ್ಲ, ಇವಳದೇ. ಗಂಡನ ಕಡೆಯವರನ್ನು ದೂರ ಇಡಲು ಹೂಡಿದ ಆಟ.

*

ಹೆಣ ಎತ್ತುವಾಗ ವಿಭಾ ಬೆಂಕಿಯ ಮಡಕೆಗೆ ತಾನೇ ಕೈ ಚಾಚಿದಳು. ಹಿರಿಯಣ್ಣ ವೆಂಕಟಾಚಲ ಗಂಟಲು ಸರಿಮಾಡಿಕೊಂಡು, "ಹೆಣ್ಣುಮಕ್ಕಳು ಸ್ಮಶಾನಕ್ಕೆ..." ಎಂದು ಶುರುಮಾಡಿದ.

"ದೊಡ್ಡಪ್ಪ, ನಾನೇ ಹೋಗ್ತೀನಿ. ಬೇರೆ ಯಾರಿದಾರೆ ಅವರಿಗೆ?" ಎಂದಳು ವಿಭಾ. ಮುದುಕ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಎಲ್ಲರೂ ಅತ್ತರು. ಕೆಳಗಿನ ಮನೆಯ ಯಜಮಾನಿ ಬೈರಮ್ಮ ಎದೆ ಬಡಿದುಕೊಂಡು ಅತ್ತಳು. ಕಾತ್ಯಾಯಿನಿ ಮಾತ್ರ ಅಳಲಿಲ್ಲ. ಗಂಡನ ಕಾಲು ಮುಟ್ಟಿದಳು, ಎದ್ದಳು, ಪ್ಲೈವುಡ್ ಗೋಡೆಯ ಪಕ್ಕಕ್ಕೆ ಹೋಗಿ ನಿಂತಳು. ಒಂದು ಹನಿಯೂ ಇಲ್ಲ. ಇಂದುಮತಿ ಕಣ್ಣೊರೆಸಿಕೊಳ್ಳುತ್ತಲೇ ಅದನ್ನು ಗಮನಿಸಿದಳು.

ಗಾಡಿ ಬನಶಂಕರಿಯ ಚಿತಾಗಾರದ ಕಡೆ ಹೊರಟಿತು. ಹೆಂಗಸರು ಮನೆ ತೊಳೆದರು, ತಲೆಗೆ ನೀರು ಹಾಕಿಕೊಂಡರು, ಪ್ರಾಣ ಹೋದ ಜಾಗವೆಂದು ಕೋಣೆಯೊಳಗೆ ಮಂಚದ ಪಕ್ಕ ದೀಪ ಹಚ್ಚಿಟ್ಟು ಬಾಗಿಲು ಮುಂದೆ ಮಾಡಿದರು. ಬೈರಮ್ಮ ಒಂದು ಕೊಡ ನೀರು ತಂದಿಳಿಸಿ ಮೆಟ್ಟಿಲ ಮೇಲೆ ಉಸ್ಸೆಂದು ಕೂತಳು. ಗೊಟ್ಟಿಗೆರೆಯ ಹೆಂಗಸು. ಹೊಲ ಮಾರಿ ಇಲ್ಲಿ ಮನೆ ಕಟ್ಟಿಸಿದವಳು, ಮಾತು ನೇರ.

"ನಿನ್ನೆ ಮಧ್ಯಾನ ಗಲಾಟೆ ಗಿಲಾಟೆ ಏನಾದ್ರೂ ಕೇಳಿಸ್ತಾ ಬೈರಮ್ಮ?" ಇಂದುಮತಿ ಮೆಲ್ಲಗೆ ಬಾಯಿ ಬಿಡಿಸಿದಳು.

"ಎಲ್ಲಿ ಗಲಾಟೆ ಕಣಮ್ಮ! ಉಂಡ ಹೊತ್ತಿಂದ ಮ್ಯಾಲೆ ಒಂದು ಹೆಜ್ಜೆ ಸಪ್ಳ ಇಲ್ಲ, ಟಿವಿ ಇಲ್ಲ, ಪಾತ್ರೆ ಸದ್ದಿಲ್ಲ. ಮನೇಲಿ ಯಾರೂ ಇಲ್ವೇನೋ ಅಂದ್ಕಂಡೆ."

ಯಾರೂ ಇರಲಿಲ್ಲ! ಹಾಗಾದರೆ ಇವಳು ಎಲ್ಲಿಗೆ ಹೋಗಿದ್ದಳು? ಗಂಡ ಒಳಗೆ ಒದ್ದಾಡುತ್ತಿರುವಾಗ ಬಾಗಿಲು ಎಳೆದುಕೊಂಡು ಎಲ್ಲಿಗೋ ಹೋಗಿ, ಏಳಕ್ಕೆ ಬಂದು, ಡಾಕ್ಟರಿಗೆ ಒಂದು ಕತೆ, ನೆಂಟರಿಗೆ ಒಂದು ಕತೆ. ಇಂದುಮತಿ ಒದ್ದೆ ತಲೆಯಲ್ಲೇ ನಡುಮನೆಗೆ ಬಂದಳು. ಕಾತ್ಯಾಯಿನಿ ಒಬ್ಬಳೇ ನೆಲದ ಮೇಲೆ ಪ್ಲೈವುಡ್ಡಿಗೆ ಒರಗಿ ಕೂತಿದ್ದಳು.

"ನಿನ್ನೆ ಮಧ್ಯಾಹ್ನ ನೀನು ಎಲ್ಲಿದ್ದೆ?"

"ಮನೇಲೇ ಇದ್ದೆ ಅತ್ತಿಗೆ."

"ಏನು ಮಾಡ್ತಿದ್ದೆ?"

"ಏನೂ ಇಲ್ಲ. ಸುಮ್ನೆ ಕೂತಿದ್ದೆ."

ಸುಮ್ಮನೆ ಕೂತಿದ್ದಳಂತೆ! ಊಟದಿಂದ ದೀಪ ಹಚ್ಚುವವರೆಗೆ ಸುಮ್ಮನೆ ಕೂರುವ ಹೆಂಗಸು ಭೂಮಿಯ ಮೇಲೆ ಎಲ್ಲಿದ್ದಾಳೆ?

"ಕಾಫಿ ಹೊತ್ತಿಗಾದ್ರೂ ಬಾಗಿಲು ತಳ್ಳಿ ನೋಡೋಕೇನಾಗಿತ್ತು ನಿಂಗೆ?"

"ಡಿಕಾಕ್ಷನ್ ಹಾಕಿಟ್ಟಿದ್ದೆ. ಟವೆಲ್ ಇತ್ತಲ್ಲ. ಅವರೇ ತೆಗೆದು ಬರ್ತಾರೆ ಅಂತ..."

"ಟವೆಲ್ ದೊಡ್ಡದಾ, ಗಂಡ ದೊಡ್ಡೋನಾ?"

ಕಾತ್ಯಾಯಿನಿ ಕಣ್ಣು ಮುಚ್ಚಿ ತಲೆಯನ್ನು ಹಲಗೆಗೆ ಆನಿಸಿದಳು. ಆ ಮೌನ ಇಂದುಮತಿಗೆ ಒಪ್ಪಿಗೆಯ ಹಾಗೆ ಕಂಡಿತು. ಇರಲಿ, ಅವರೆಲ್ಲ ಬರಲಿ. ಮಗಳ ಎದುರಿಗೇ ಕೇಳುತ್ತೇನೆ. ಇವತ್ತು ಇವಳ ಮುಖವಾಡ ಕಳಚದಿದ್ದರೆ ನಾನು ಅನಂತನ ಅಕ್ಕನೇ ಅಲ್ಲ.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬನಶಂಕರಿಯಿಂದ ಮರಳಿದವರು ಬಾಗಿಲಿಂದಲೇ ದೀಪ ನೋಡಿ, ಸ್ನಾನ ಮುಗಿಸಿದರು. ನೆಂಟರ ಮನೆಯಿಂದ ಅನ್ನ, ಸಾರು ಬಂದಿತ್ತು. ಯಾರೂ ಇನ್ನೂ ಎಲೆ ಹಾಕಿರಲಿಲ್ಲ. ಇಂದುಮತಿ ವೆಂಕಟಾಚಲನನ್ನೂ ವಿಭಾಳನ್ನೂ ಮೆಟ್ಟಿಲ ಮೇಲಿನ ಜಗಲಿಗೆ ಕರೆದಳು. ವಿಜಯಕುಮಾರನನ್ನು ತೋಳು ಹಿಡಿದೇ ಎಳೆದುಕೊಂಡು ಬಂದಳು. ತೆರೆದ ಬಾಗಿಲಿನಿಂದ ನಡುಮನೆ ಕಾಣುತ್ತಿತ್ತು. ಕಾತ್ಯಾಯಿನಿ ಅದೇ ಜಾಗದಲ್ಲಿ ಕೂತಿದ್ದಳು. ಒಳಗೆ ಬೇರೆ ಯಾರೂ ಇರಲಿಲ್ಲ.

"ತೆಗೀರಿ ಫೋನು. ನಿನ್ನೆ ಸಂಜೆವರೆಗೆ ಅನಂತ ಉಸಿರಾಡ್ತಿದ್ನೋ ಇಲ್ವೋ, ಇವರಿಗೆ ತೋರಿಸಿ."

"ಅತ್ತೆ, ಏನಿದು? ಇವತ್ತು ಬೇಕಾ ಇದೆಲ್ಲ?" ವಿಭಾಳ ದನಿ ಬಿದ್ದುಹೋಗಿತ್ತು.

"ಇವತ್ತೇ ಬೇಕು. ನಿಮ್ಮಪ್ಪ ಏಳರವರೆಗೆ ಜೀವಂತ ಇದ್ದ. ನಿಮ್ಮಮ್ಮ ಬಾಗಿಲು ತೆಗೀಲಿಲ್ಲ. ಯಾಕೆ ಅಂತ ನಂಗೆ ಗೊತ್ತಾಗ್ಬೇಕು."

ವಿಜಯಕುಮಾರ್ ಫೋನು ತೆರೆದ. ಪರದೆಯಲ್ಲಿ ಒಂದು ನೀಲಿ ಗೆರೆ ಮೆಲ್ಲಗೆ ಎದ್ದು ಮೆಲ್ಲಗೆ ಇಳಿಯುತ್ತಿತ್ತು. ಕೆಳಗೆ, 'ಕೋಣೆಯಲ್ಲಿ ಒಬ್ಬರು ಇದ್ದಾರೆ' ಎಂದು ಬರೆದಿತ್ತು.

"ಇದು ನಿನ್ನೇದಾ?" ವೆಂಕಟಾಚಲ ಕನ್ನಡಕ ಏರಿಸಿದ.

"ಅಲ್ಲ ಸಾರ್." ಅವನ ಮುಖ ಬಿಳುಪೇರಿತು. "ಇದು ಈಗಿಂದು. ಈಗ ಕೋಣೇಲಿ ಯಾರಿದಾರೆ?"

ಇಂದುಮತಿ ಸರಸರ ಒಳಗೆ ಹೋಗಿ ಕೋಣೆಯ ಬಾಗಿಲು ತಳ್ಳಿದಳು. ಖಾಲಿ ಮಂಚ, ದೀಪ, ಗೋಡೆಯ ಮೇಲೆ ಡಬ್ಬಿ. ಮಂಚದ ಕೆಳಗೂ ಬಗ್ಗಿ ನೋಡಿದಳು. ಬಾಗಿಲು ಮುಚ್ಚಿ ಹೊರಗೆ ಬಂದಾಗ ವಿಜಯಕುಮಾರ್ ಫೋನನ್ನೂ ನೋಡುತ್ತಿರಲಿಲ್ಲ, ಅವಳನ್ನೂ ನೋಡುತ್ತಿರಲಿಲ್ಲ. ಪ್ಲೈವುಡ್ಡಿಗೆ ಬೆನ್ನು ಕೊಟ್ಟು ಕೂತ ಕಾತ್ಯಾಯಿನಿಯನ್ನು ನೋಡುತ್ತಿದ್ದ. ಆಮೇಲೆ ಡಬ್ಬಿ ಯಾವ ಎತ್ತರದಲ್ಲಿದೆಯೆಂದು ಕೈಯಲ್ಲೇ ಅಳೆದ. ಸರಿಯಾಗಿ ಅವಳ ಬೆನ್ನ ಮಟ್ಟ.

"ಅಯ್ಯೋ ದೇವರೇ," ಎಂದ.

"ಏನಯ್ಯಾ? ಬಾಯಿ ಬಿಡು."

"ಆಂಟೆನಾ ಬೆನ್ನಿಗೆ ತಾಮ್ರದ ಹಾಳೆ ಇರುತ್ತೆ ಮೇಡಂ. ಅದು ಅಗಲ ಇದ್ರೆ ಅಲೆ ಮುಂದಕ್ಕೆ ಮಾತ್ರ ಹೋಗುತ್ತೆ. ಇನ್ನೂ ಅಗ್ಗ ಆಗ್ಲಿ ಅಂತ ಸಾರ್ ಈ ಸಲ ಹಲಗೇನ ಅರ್ಧಕ್ಕರ್ಧ ಕತ್ತರಿಸಿದ್ರು. ಹಿಂದಕ್ಕೂ ಸೋರುತ್ತಲ್ಲ ಸಾರ್ ಅಂದೆ. ಸೋರ್ಲಿ ಬಿಡಯ್ಯ, ಗೋಡೆ ಹಿಂದೆ ಯಾರು ಕೂತಿರ್ತಾರೆ ಅಂದ್ರು."

ವಿಜಯಕುಮಾರ್ ಫೋನಿನಲ್ಲಿ ಹಿಂದಿನ ದಿನಗಳ ಗೆರೆಗಳನ್ನು ಸರಿಸತೊಡಗಿದ.

"ಆರು ತಿಂಗಳಿಂದ ಸಾರ್ ಉಸಿರಿನ ಜೊತೆ ಇನ್ನೊಂದು ಸಣ್ಣ ಉಸಿರು ಬರ್ತಿತ್ತು. ಬೋರ್ಡ್ ಸರಿಯಿಲ್ಲ ಅಂತ ಹೊಸದು ಮಾಡಿಸಿದ್ವಿ. ಫ್ಯಾನ್ ಆಫ್ ಮಾಡಿ ನೋಡಿದ್ವಿ, ಫ್ರಿಜ್ ಆಫ್ ಮಾಡಿ ನೋಡಿದ್ವಿ. ಎಲ್ಲ ನೋಡಿದ್ವಿ ಮೇಡಂ, ಈ ಕಡೆ ಬಂದು ನೋಡ್ಲಿಲ್ಲ." ನಿನ್ನೆಯದನ್ನು ತೆಗೆದು ಅವರ ಮುಂದೆ ಹಿಡಿದ. ಎತ್ತರದ ಅಲೆಗಳು ಸಾಲಾಗಿ ಬಂದು, ಒಂದು ಕಡೆ ತಡವರಿಸಿ ನಿಂತಿದ್ದವು. ಅಲ್ಲಿಂದ ಮುಂದೆ ಸಣ್ಣ ಅಲೆಯೊಂದೇ, ಕದಲದೆ ಸಂಜೆಯವರೆಗೆ. "ಊಟ ಆಗಿ ಸ್ವಲ್ಪ ಹೊತ್ತಿಗೇ ಸಾರ್ ಹೋಗ್ಬಿಟ್ಟಿದಾರೆ. ನಿದ್ದೆ ಗಾಢವಾಯ್ತು ಅಂದ್ಕೊಂಡೆ ನಾನು. ಖುಷಿಪಟ್ಟೆ ಮೇಡಂ." ಜೇಬಿನ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡ.

ಇಂದುಮತಿ ಫೋನಿನಿಂದ ಕಣ್ಣು ಕಿತ್ತಳು. ತಮ್ಮನ ಯಂತ್ರವೇ ತಪ್ಪು ಹೇಳಿತ್ತು. ಅದನ್ನು ನಂಬಿ ಬೆಳಗಿನಿಂದ ಅವಳು ಒಂದು ಜೀವವನ್ನು ಮನಸ್ಸಿನಲ್ಲೇ ಗಲ್ಲಿಗೇರಿಸಿದ್ದಳು.

ಒಳಗಿನಿಂದ ಕಾತ್ಯಾಯಿನಿ ತಲೆ ಎತ್ತಿದಳು. "ಏನು ವಿಜಯಕುಮಾರ್? ಅವರದೇನಾದ್ರೂ ಇದೆಯಾ ಅದರಲ್ಲಿ?"

ವಿಭಾ ಹೆಜ್ಜೆ ಎತ್ತಿದಳು. ಇಂದುಮತಿ ಅವಳನ್ನು ತಡೆದು ತಾನೇ ಹೋಗಿ, ಮಂಡಿ ನೋವನ್ನೂ ಲೆಕ್ಕಿಸದೆ ನಾದಿನಿಯ ಎದುರು ನೆಲದ ಮೇಲೆ ಕೂತಳು. ವಿಜಯಕುಮಾರ್ ಫೋನು ಹಿಡಿದೇ ಬಾಗಿಲಲ್ಲಿ ನಿಂತ.

"ನಿನ್ನೆ ಮಧ್ಯಾಹ್ನ ಇದೇ ಜಾಗದಲ್ಲಿ ಕೂತಿದ್ಯಾ?"

"ಹೂಂ. ದಿನಾ ಇಲ್ಲೇ. ಅಡುಗೆಮನೇಲಿದ್ರೆ ಏನಾದ್ರೂ ಕೈ ತಪ್ಪಿ ಬೀಳುತ್ತೆ, ಅಳತೆ ಕೆಡುತ್ತೆ. ಇಲ್ಲಿ ಕೂತ್ರೆ ಯಾರಾದ್ರೂ ಬಂದ್ರೂ ತಡೀಬಹುದು." ಅವಳು ಸಂಕೋಚದಿಂದ ಸೆರಗು ಸರಿಮಾಡಿಕೊಂಡಳು. "ಅವರಿಗೆ ಹೇಳಿರ್ಲಿಲ್ಲ, ನಗ್ತಾರೆ ಅಂತ. ಹಲಗೆಗೆ ತಲೆ ಕೊಟ್ರೆ ಅವರ ಉಸಿರು ಕೇಳ್ಸುತ್ತೆ ಅತ್ತಿಗೆ. ನಿನ್ನೆ ಯಾಕೋ ಕೇಳಿಸ್ಲಿಲ್ಲ. ನಂಗೇ ಕಿವಿ ಮಂದ ಆಯ್ತೇನೋ ಅಂತ ಇನ್ನೂ ಅಲ್ಲಾಡದೆ ಕೂತೆ."

ಕಾತ್ಯಾಯಿನಿ ಅವಳ ಕೈ ಹಿಡಿದುಕೊಂಡಳು. ಬೆಳಗಿನಿಂದ ಇಂದುಮತಿಯನ್ನು ಸುಡುತ್ತಿದ್ದ ಪ್ರಶ್ನೆಯೇ ಈಗ ಅವಳ ಬಾಯಿಂದ ಬಂತು.

"ನಾನು ಬಾಗಿಲು ತೆಗೆದಿದ್ರೆ ಉಳೀ‌ತಿದ್ರಾ ಅತ್ತಿಗೆ?"

"ಇಲ್ಲ ಕಣೆ. ಮಲಗಿದ ಸ್ವಲ್ಪ ಹೊತ್ತಿಗೇ ಹೋಗ್ಬಿಟ್ಟಿದ್ದ. ಅದು ಗೊತ್ತಾಯ್ತು ಈಗ."

"ಮತ್ತೆ ಸಂಜೆವರೆಗೂ ಉಸಿರು ಬರ್ತಿತ್ತು ಅಂದ್ರಲ್ಲ ಇವರು, ಬೆಳಿಗ್ಗೆ ಕೋಣೇಲಿ. ನಾನು ಕೇಳಿಸ್ಕೊಂಡೆ. ಆಗಿಂದ ಅದೇ ಕೊರೀತಾ ಇದೆ."

"ಅದು ನಿಂದು, ಕಾತೀ. ಗೋಡೆ ಹಿಂದೆ ಕೂತಿದ್ದ ನಿನ್ನ ಉಸಿರು."

ಕಾತ್ಯಾಯಿನಿ ತಿರುಗಿ ಹಲಗೆಯನ್ನು ನೋಡಿದಳು. ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಎದೆಯ ಮೇಲಿನ ಸೆರಗು ಕದಲಲಿಲ್ಲ. ಕಣ್ಣು ಎತ್ತಲೋ ನೆಟ್ಟಿತ್ತು. ಬಾಗಿಲಲ್ಲಿ ವಿಜಯಕುಮಾರ್, "ಮೇಡಂ, ಗೆರೆ ನಿಂತಿದೆ!" ಎಂದು ಕೂಗಿದ.

"ಉಸಿರು ಬಿಡೇ!" ಇಂದುಮತಿ ಅವಳ ಭುಜ ಹಿಡಿದು ಜಗ್ಗಿದಳು, ಬೆನ್ನಿಗೆ ಗುದ್ದಿದಳು. "ಕಾತೀ, ಬಿಡೇ ಉಸಿರು! ನೀನೂ ಹೊರಟ್ಯಾ? ನಾನು ಬಿಡಲ್ಲ ಕಣೆ, ಬಿಡೇ!"

ಕೊನೆಗೂ ಅದು ಬಂತು, ಹೊಟ್ಟೆಯ ತಳದಿಂದ, ಕೆಳಗಿನ ಮನೆಗೂ ಕೇಳುವಂಥ ಅಳು. ಇಂದುಮತಿ ಅವಳನ್ನು ಎದೆಗವಚಿಕೊಂಡು ತಾನೂ ಹಲಗೆಗೆ ಒರಗಿ ಬಿದ್ದಳು. ಇಬ್ಬರ ಅಳುವಿಗೂ ಪ್ಲೈವುಡ್ ಅದುರತೊಡಗಿತು. ಬಾಗಿಲಲ್ಲಿ ನಿಂತವನ ಅಂಗೈಯಲ್ಲಿ ನೀಲಿ ಗೆರೆ ಹಾರಿತು, ಬಿತ್ತು, ಒಂದರೊಳಗೊಂದು ಸಿಕ್ಕಾಯಿತು. ಕೋಣೆಯಲ್ಲಿ ಮಂಚ ಖಾಲಿ ಇತ್ತು. ಅಲ್ಲಿ ಎಷ್ಟು ಜನ ಇದ್ದಾರೆಂದು ಹೇಳಲು ಡಬ್ಬಿಗೆ ಆಗುತ್ತಿರಲಿಲ್ಲ.